ಪೂರಾ ಮಡಿಚದ ಮಂಡಿ

ಒಂದು ಕೆಟ್ಟ ಚಾಳಿಯನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎದುರಿಗೆ ಯಾರಾದರೂ ನಡೆದು ಬಂದರೆ ನಾನು ಮುಖ ನೋಡುವುದಿಲ್ಲ, ಮಂಡಿ ನೋಡುತ್ತೇನೆ. ಸೀರೆ, ಪಂಚೆ, ಪ್ಯಾಂಟು, ಯಾವುದು ಅಡ್ಡವಿದ್ದರೂ ಸರಿಯೇ. ಒಳಗಿನ ಕೀಲು ಯಾವ ಕಡೆಗೆ ವಾಲುತ್ತಿದೆ, ಯಾವ ಕಾಲಿನ ಮೇಲೆ ಭಾರ ಹಾಕಲು ಹಿಂಜರಿಯುತ್ತಿದ್ದಾರೆ ಎಂದು ಅಂದಾಜು ಮಾಡಿದ ಮೇಲೆಯೇ ನನ್ನ ಕಣ್ಣು ಮೇಲಕ್ಕೆ ಹೋಗುವುದು. ಅಷ್ಟು ಹೊತ್ತಿಗೆ ಅವರು ಮುಗುಳ್ನಕ್ಕು, ನಾನು ಗುರುತು ಹಿಡಿಯಲಿಲ್ಲವೆಂದು ಮುಖ ಊದಿಸಿಕೊಂಡು ದಾಟಿ ಹೋಗಿರುತ್ತಾರೆ. ಕಾಲೇಜಿನಲ್ಲಿ ಮೂರು ವರ್ಷ ನನ್ನ ಪಕ್ಕದಲ್ಲೇ ಕೂತು ಓದಿದ ಗೆಳತಿಯೊಬ್ಬಳನ್ನು ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಹೀಗೆಯೇ ಕಳೆದುಕೊಂಡೆ. ಅವಳು ಈಗ ಹೇಗಿದ್ದಾಳೋ ಗೊತ್ತಿಲ್ಲ. ಅವಳ ಎಡಮಂಡಿ ಮಾತ್ರ ಚೆನ್ನಾಗಿದೆ.

ಇದನ್ನು ಬರೆಯುತ್ತಿರುವುದು ಎಂಬತ್ತರ ದಶಕದ ಕೊನೆಯಲ್ಲಿ, ನನಗಿನ್ನೂ ಮೂವತ್ತು ತುಂಬಿಲ್ಲ. ಆಗಲೇ ಹಿಂದಿನದನ್ನು ನೆನೆಯುತ್ತ ಬರೆಯಲು ಕೂತಿದ್ದಾಳೆಂದು ಹಿರಿಯರು ನಗಬಹುದು. ನಗಲಿ. ನೆನಪು ಮಾಡಿಕೊಳ್ಳುವುದಕ್ಕೆ ಕನಿಷ್ಠ ವಯಸ್ಸು ಇಷ್ಟಿರಬೇಕೆಂದು ಯಾರೂ ಕಾನೂನು ಮಾಡಿಲ್ಲ. ಮಾಡಿದ್ದರೆ ತೋರಿಸಲಿ, ಅದರ ವಿರುದ್ಧ ಐದು ನಿಮಿಷ ಮಾತಾಡಲು ನಾನು ತಯಾರು.

ನಮ್ಮ ಕವಿಗಳ ಮೇಲೆ ನನ್ನದೊಂದು ತಕರಾರಿದೆ. ಕಣ್ಣಿಗೆ ಕಮಲ, ಮೂಗಿಗೆ ಸಂಪಿಗೆ, ತೊಡೆಗೆ ಬಾಳೆಯ ಕಂಬ, ಪಾದಕ್ಕೆ ಚಿಗುರು ಎಂದು ಹುಡುಕಿ ಹುಡುಕಿ ಹೋಲಿಕೆ ಕೊಟ್ಟವರು ಮಂಡಿಯ ಹತ್ತಿರ ಬಂದಾಗ ಮಾತ್ರ ಮೌನ ತಾಳುತ್ತಾರೆ. ತೊಡೆಯಿಂದ ನೇರವಾಗಿ ಪಾದಕ್ಕೆ ಹಾರಿಬಿಡುತ್ತಾರೆ. ನಡುವೆ ಒಂದು ಕೀಲಿಲ್ಲದೆ ಆ ನಾಯಕಿ ನಾಯಕನ ಬಳಿಗೆ ಹೇಗೆ ನಡೆದು ಹೋದಳೆಂದು ಯಾವ ವಿಮರ್ಶಕರೂ ಕೇಳಿದ ಹಾಗಿಲ್ಲ. ಶಿಲ್ಪಿಗಳು ವಾಸಿ. ಕಲ್ಲು ಬೀಳದೆ ನಿಲ್ಲಬೇಕಾದರೆ ಭಾರ ಎಲ್ಲಿ ಇಳಿಯುತ್ತದೆಂಬುದು ಅವರಿಗೆ ಗೊತ್ತಿರಲೇಬೇಕು. ಹಳೆಯ ದೇವಸ್ಥಾನದ ಕಂಬಗಳಲ್ಲಿ ಕಾಲು ಮಡಿಚಿ ಕುಣಿಯುವ ಹೆಂಗಸರ ಮಂಡಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಆ ಶಿಲ್ಪಿಯ ಉಳಿ ಅಲ್ಲಿ ಸ್ವಲ್ಪ ಹೊತ್ತು ತಡೆದು ಯೋಚಿಸಿದ ಗುರುತು ಕಾಣುತ್ತದೆ.

ಆದರೆ ಮಂಡಿಯ ಮಹತ್ವವನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವರು ನಮ್ಮ ತಾಯಲೂರಿನ ಸ್ಕೂಲಿನ ಮೇಷ್ಟ್ರು. ಅದು ಎಪ್ಪತ್ತರ ದಶಕದ ಮಾತು. ಮಗ್ಗಿ ತಪ್ಪಿದರೆ ಮಂಡಿಯೂರಿ ನಿಲ್ಲಬೇಕು, ಕಾಗುಣಿತ ತಪ್ಪಿದರೆ ಬಸ್ಕಿ, ಎದುರುತ್ತರ ಕೊಟ್ಟರೆ ಗೋಡೆಗೆ ಬೆನ್ನು ಹಚ್ಚಿ ಇಲ್ಲದ ಕುರ್ಚಿಯ ಮೇಲೆ ಕೂರಬೇಕು. ಮಗ್ಗಿ, ಕಾಗುಣಿತ ಎರಡರಲ್ಲೂ ನಾನು ಜಾಣೆ. ಆದ್ದರಿಂದ ದಿನಕ್ಕೊಮ್ಮೆ ಇಲ್ಲದ ಕುರ್ಚಿಯ ಮೇಲೆ ಕೂರುತ್ತಿದ್ದೆ. ಮಂಡಿ ಅರ್ಧ ಮಡಿಚಿದಾಗ ತೊಡೆಯ ಸ್ನಾಯುವಿನ ಮೇಲೆ ಎಷ್ಟು ಭಾರ ಬೀಳುತ್ತದೆಂದು ಮುಂದೆ ವಿಶ್ವವಿದ್ಯಾಲಯದವರು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಆ ಪ್ರಯೋಗವನ್ನು ಸ್ವಂತ ಕಾಲಿನ ಮೇಲೆ ಹಲವು ಸಲ ಮಾಡಿ ಮುಗಿಸಿದ್ದೆ.

ಅಪ್ಪನಿಗೆ ಶ್ರೀನಿವಾಸಪುರದಲ್ಲಿ ಕೆಲಸ. ನಾನು ಬೆಳೆದದ್ದು ತಾಯಲೂರಿನಲ್ಲಿ, ದೊಡ್ಡಪ್ಪ ದೊಡ್ಡಮ್ಮನ ಮನೆಯಲ್ಲಿ. ಅವರದು ರಾಗಿ, ಹಿಪ್ಪುನೇರಳೆ, ರೇಷ್ಮೆ ಹುಳು. ಮನೆಯ ಹಿಂಭಾಗದಲ್ಲಿ ಹುಳು ಸಾಕುವ ಉದ್ದನೆಯ ಕೋಣೆ, ಒಳಗೆ ಬಿದಿರಿನ ತಟ್ಟೆಗಳು, ಯಾವಾಗಲೂ ಹಸಿ ಸೊಪ್ಪಿನ ವಾಸನೆ. ಕೋಲಾರದ ಕಾಲೇಜು ಸೇರಿ ಚರ್ಚಾಸ್ಪರ್ಧೆಯ ಹುಚ್ಚು ಹಿಡಿದ ಮೇಲೆ ನಾನು ಭಾಷಣ ಅಭ್ಯಾಸ ಮಾಡುತ್ತಿದ್ದದ್ದು ಆ ಕೋಣೆಯಲ್ಲೇ. ರೇಷ್ಮೆ ಹುಳು ಪೊರೆ ಬಿಡುವ ಮೊದಲು ಒಂದು ದಿನ ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ನಿಲ್ಲುತ್ತದೆ. ನಮ್ಮ ಕಡೆ ಅದಕ್ಕೆ ಹುಳು ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಸಾವಿರಾರು ತಲೆಗಳು ನನ್ನತ್ತ ಎತ್ತಿ ನಿಂತಿರುವಾಗ ಪ್ರಜಾಪ್ರಭುತ್ವದ ಬಗ್ಗೆ ಮಾತಾಡುವ ಸುಖವೇ ಬೇರೆ. ಅಷ್ಟು ಶ್ರದ್ಧೆಯಿಂದ ಕೇಳುವ ಸಭೆ ಸ್ಪರ್ಧೆಗೆಂದು ಹೋದ ಮಾಲೂರಿನಲ್ಲೂ ಸಿಗಲಿಲ್ಲ, ಬೆಂಗಳೂರಿನಲ್ಲೂ ಸಿಗಲಿಲ್ಲ.

ಹುಳುಗಳ ಜೊತೆಗೆ ಕೇಳುತ್ತಿದ್ದ ಇನ್ನೊಬ್ಬಳೆಂದರೆ ದೊಡ್ಡಮ್ಮ. ಅವಳು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ತಟ್ಟೆ ಶುಚಿ ಮಾಡುತ್ತಲೇ ಕೇಳುತ್ತಿದ್ದಳು. ಪರವಾಗಿ ಒಂದು ಭಾಷಣ, ವಿರೋಧವಾಗಿ ಒಂದು, ಎರಡೂ ಮುಗಿಯುವವರೆಗೆ ಅವಳ ಬೆರಳು ನಿಲ್ಲುತ್ತಿರಲಿಲ್ಲ. ಒಂದು ಸಲ ಕೇಳಿದಳು, “ಇದ್ರಾಗೆ ನಿಂದ್ಯಾವ್ದೇ ಶಾರ್ದಾ?”

“ಚೀಟಿ ಎತ್ತಿದಾಗ ಯಾವ ಕಡೆ ಬರುತ್ತೋ ಅದು, ದೊಡ್ಡಮ್ಮ.”

“ಅಂಗಾದ್ರೆ ನಿಂದ್ಯಾವ್ದೂ ಇಲ್ಲ ಅನ್ನು,” ಎಂದು ಅವಳು ಮುಂದಿನ ತಟ್ಟೆ ಎಳೆದುಕೊಂಡಳು.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ಬೆಂಗಳೂರಿನ ವಿಶ್ವವಿದ್ಯಾಲಯದ ಒಂದು ಸಂಶೋಧನೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಎಂಬತ್ತರ ದಶಕದ ನಡುಭಾಗ. ಅಲ್ಲಿನ ಪ್ರೊಫೆಸರು ಮೂಲತಃ ಯಂತ್ರಗಳ ಮನುಷ್ಯ. ಭಾರ ಎತ್ತುವ ಕ್ರೇನುಗಳ ಕೀಲುಗಳ ಮೇಲೆ ಅರ್ಧ ಆಯುಸ್ಸು ಕಳೆದು, ಒಂದು ದಿನ ತಮ್ಮ ತಾಯಿ ಮೆಟ್ಟಿಲು ಇಳಿಯುವುದನ್ನು ಕಂಡು ಕ್ರೇನು ಬಿಟ್ಟು ಮಂಡಿ ಹಿಡಿದವರು. ನಾನು ಸೇರಿದ ಮೊದಲ ದಿನವೇ ಎರಡು ಮರದ ತುಂಡುಗಳನ್ನು ಕೈಯಲ್ಲಿ ಹಿಡಿದು ಕೇಳಿದರು, “ಮಂಡಿ ಅಂದ್ರೆ ಏನಮ್ಮ? ಬಾಗಿಲ ಕೀಲಾ?”

“ಹೌದು ಸಾರ್, ಹೆಚ್ಚು ಕಡಿಮೆ.”

“ಆ ಹೆಚ್ಚು ಕಡಿಮೇಲೇ ಎಲ್ಲಾ ಇರೋದು,” ಎಂದು ಒಂದು ತುಂಡನ್ನು ಇನ್ನೊಂದರ ಮೇಲೆ ಉರುಳಿಸಿ ತೋರಿಸಿದರು. ಬಾಗಿಲು ಒಂದೇ ಮೊಳೆಯ ಸುತ್ತ ತಿರುಗುತ್ತದೆ. ಮಂಡಿ ಹಾಗಲ್ಲ. ತೊಡೆಯ ಮೂಳೆಯ ತುದಿ ಕಾಲಿನ ಮೂಳೆಯ ತಲೆಯ ಮೇಲೆ ಸ್ವಲ್ಪ ಉರುಳುತ್ತದೆ, ಸ್ವಲ್ಪ ಜಾರುತ್ತದೆ. ನೆಟ್ಟಗೆ ನಿಂತಾಗ ಕೊನೆಯಲ್ಲಿ ಒಂದಿಷ್ಟು ತಿರುಚಿಕೊಂಡು ಬೀಗ ಬಿದ್ದ ಹಾಗೆ ನಿಲ್ಲುತ್ತದೆ. ನಾವು ಬಸ್ಸಿಗೆ ಕಾದು ಗಂಟೆಗಟ್ಟಲೆ ನಿಲ್ಲಲು ಸಾಧ್ಯವಾಗುವುದು ಆ ಬೀಗದ ದಯೆಯಿಂದ. ಮತ್ತೆ ಮಡಿಚಬೇಕಾದರೆ ಮೊದಲು ಬೀಗ ತೆಗೆಯಬೇಕು, ಅದಕ್ಕೆಂದೇ ಮಂಡಿಯ ಹಿಂದೆ ಒಂದು ಸಣ್ಣ ಸ್ನಾಯು ಕಾವಲು ಕೂತಿದೆ. ಇಷ್ಟೆಲ್ಲ ನಮಗೆ ತಿಳಿಯದ ಹಾಗೆ ನಡೆಯುತ್ತಿರುತ್ತದೆ. ದೇವರನ್ನು ನಂಬುವುದಕ್ಕೆ ನನಗೆ ಇನ್ನೂ ಸಾಕ್ಷಿ ಬೇಕು. ಆದರೆ ಆವತ್ತು ಮನೆಗೆ ಹೋಗುವಾಗ ಸ್ವಲ್ಪ ಎಚ್ಚರದಿಂದ ನಡೆದೆ.

ಸವೆದ ಮಂಡಿಯನ್ನು ತೆಗೆದು ಲೋಹದ್ದೂ ಪ್ಲಾಸ್ಟಿಕ್ಕಿನದೂ ಕೂಡಿಸುವ ಶಸ್ತ್ರಚಿಕಿತ್ಸೆ ಆಗ ನಮ್ಮಲ್ಲಿ ಅಪರೂಪ. ಮಂಡಿ ಹೊರದೇಶದಿಂದ ಬರಬೇಕಿತ್ತು. ಅಂಥ ಒಂದು ಮಂಡಿಯನ್ನು ನಮ್ಮ ಪ್ರಯೋಗಾಲಯದಲ್ಲಿ ಯಂತ್ರಕ್ಕೆ ಸಿಕ್ಕಿಸಿದ್ದೆವು. ಅದು ಬೆಳಗಿನಿಂದ ಸಂಜೆಯವರೆಗೆ ಟಕ್ ಟಕ್ ಎಂದು ಮಡಿಚುತ್ತ, ಬಿಚ್ಚುತ್ತ, ಎಲ್ಲಿಗೂ ಹೋಗದೆ ಊರೂರು ನಡೆಯುತ್ತಿತ್ತು. ಅದರ ಒಂದೇ ಕೊರತೆಯೆಂದರೆ ಲಂಬಕೋನ ದಾಟಿ ಸ್ವಲ್ಪ ದೂರ ಹೋದ ಮೇಲೆ ಮಡಿಚುವುದಿಲ್ಲ. ಕುರ್ಚಿಯಲ್ಲಿ ಕೂರುವವರಿಗೆ ಅಷ್ಟು ಸಾಕು. ನೆಲದ ಮೇಲೆ ಕೂರುವವರಿಗೆ?

ಇದೇ ನಮ್ಮ ಪ್ರೊಫೆಸರರ ಜೀವನದ ಪ್ರಶ್ನೆ. ಕುಕ್ಕರಗಾಲಲ್ಲಿ ಕೂರಬಲ್ಲ ಮಂಡಿಯನ್ನು ನಾವೇ ಮಾಡಬೇಕು ಎನ್ನುವುದು ಅವರ ಕನಸು. ನನಗಂತೂ ರೋಮಾಂಚನವಾಯಿತು. ಎಂಥ ವಿಷಯ! ಕುರ್ಚಿಯ ನಾಗರಿಕತೆ ಒಂದು ಕಡೆ, ಚಾಪೆಯ ನಾಗರಿಕತೆ ಇನ್ನೊಂದು ಕಡೆ. ಒಂದು ವಿಚಾರಗೋಷ್ಠಿಯಲ್ಲಿ ನಾನು ಎದ್ದು ನಿಂತು, “ನೆಲದೊಂದಿಗಿನ ನಮ್ಮ ಸಂಬಂಧವನ್ನು ಯಾವ ಆಮದು ಮಂಡಿಯೂ ಕತ್ತರಿಸಬಾರದು,” ಎಂದಾಗ ಚಪ್ಪಾಳೆ ಬಿತ್ತು. ನಾನು ಆ ಮಾತು ಹೇಳಿದ್ದು ಹೈ ಹೀಲ್ಡ್ ಚಪ್ಪಲಿ ಹಾಕಿಕೊಂಡು, ಕುರ್ಚಿಯಿಂದ ಎದ್ದು.

ನಮ್ಮ ಜನರ ಮಂಡಿ ಎಷ್ಟು ಮಡಿಚುತ್ತದೆಂದು ಅಳೆದು ತರಲು ನನ್ನನ್ನೇ ಕಳಿಸಿದರು. ಕಾರಣ ಎರಡು. ಹಳ್ಳಿಯ ಹೆಂಗಸರು ಗಂಡಸರಿಗೆ ಮಂಡಿ ತೋರಿಸುವುದಿಲ್ಲ, ಮತ್ತು ಆಂಧ್ರದ ಗಡಿಯಾದ ನಮ್ಮ ಕಡೆ ಅರ್ಧ ಮಾತು ತೆಲುಗಿನಲ್ಲಿ ನಡೆಯುತ್ತದೆ. ಹೀಗೆ ಬೈರಕೂರು, ತಾಯಲೂರು, ಗೌನಿಪಲ್ಲಿ ಸುತ್ತಿದೆ. ಕೈಯಲ್ಲಿ ಕೋನ ಅಳೆಯುವ ಉಕ್ಕಿನ ಪಟ್ಟಿ, ಬಗಲಲ್ಲಿ ಹೊರದೇಶದವರು ತಯಾರಿಸಿ ನಾವು ಕನ್ನಡಿಸಿದ ಪ್ರಶ್ನೆಗಳ ಹಾಳೆ. ಬೈರಕೂರಿನ ಅಜ್ಜಿಯೊಬ್ಬರಿಗೆ ಮೂರನೆಯ ಪ್ರಶ್ನೆ ಓದಿದೆ: “ಸ್ನಾನದ ತೊಟ್ಟಿಯಲ್ಲಿ ಕೂತವರು ಏಳುವಾಗ ನೋವಾಗುತ್ತದೆಯೇ?”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ತೊಟ್ಟೀಲಿ ನಾವ್ಯಾಕಮ್ಮ ಕೂತ್ಕಳಾನ? ಅದ್ರಾಗೆ ದನ ನೀರು ಕುಡೀತಾವೆ.”

ಗೌನಿಪಲ್ಲಿಯಲ್ಲಿ ಇನ್ನೊಂದು ತಮಾಷೆ. ಕೂತು ಏಳುವಾಗ ಭಾರ ಎಷ್ಟು ಬೀಳುತ್ತದೆಂದು ತಿಳಿಯಲು ಒಂದು ಕುರ್ಚಿಯ ಕಾಲುಗಳಿಗೆ ತಂತಿ ಜೋಡಿಸಿ ತಂದಿದ್ದೆವು. “ಆರಾಮಾಗಿ ಕೂತ್ಕೊಳ್ಳಿ,” ಎಂದೆ. ಮಾವಿನ ತೋಟದಿಂದ ನೇರವಾಗಿ ಬಂದಿದ್ದ ಹೆಂಗಸು ಆರಾಮಾಗಿಯೇ ಕೂತಳು. ಎರಡೂ ಪಾದ ಕುರ್ಚಿಯ ಮೇಲಿಟ್ಟು, ಮಂಡಿಗಳನ್ನು ಗಲ್ಲಕ್ಕೆ ತಾಗಿಸಿ, ಕುಕ್ಕರಗಾಲಿನಲ್ಲಿ. ಕಾಲು ಇಳಿಬಿಟ್ಟರೆ ಜೋಮು ಹಿಡಿಯುತ್ತದಂತೆ. ಅವಳ ಹಿಂದೆ ಬಂದವರೆಲ್ಲ ಅದೇ ಸರಿಯಾದ ಕ್ರಮವೆಂದು ತಿಳಿದು ಹಾಗೆಯೇ ಹತ್ತಿ ಕೂತರು. ಸಂಜೆ ಹಾಳೆ ಮಡಿಚುವಾಗ ಒಬ್ಬಾಕೆ ತೆಲುಗಿನಲ್ಲಿ, “ಏಮ್ಮಾ, ಮೋಕಾಳ್ಳಕಿ ಮಾರ್ಕುಲು ಇಸ್ತಾರಾ?” ಎಂದಳು. ಮಂಡಿಗೆ ಮಾರ್ಕು ಕೊಡುತ್ತೀರಾ ಎಂದು. ಕೊಡುತ್ತೇವೆ ಎಂದೆ. “ನನ್ನನ್ನ ಪಾಸು ಮಾಡಮ್ಮ, ಸ್ಕೂಲಲ್ಲಂತೂ ಆಗ್ಲಿಲ್ಲ,” ಎಂದು ನಕ್ಕಳು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಆ ಕುರ್ಚಿಯ ತಂತಿಗಳು ಮಾತ್ರ ಆವತ್ತೇ ಕಿತ್ತುಹೋದವು.

ತಾಯಲೂರಿನಲ್ಲಿ ಕೊನೆಗೆ ಅಳೆದದ್ದು ದೊಡ್ಡಮ್ಮನ ಮಂಡಿ. ಅವಳು ಬೇಡವೆಂದು ತಪ್ಪಿಸಿಕೊಳ್ಳುತ್ತಿದ್ದಳು. ಸೀರೆ ಸರಿಸಿದಾಗ ಕಾರಣ ಗೊತ್ತಾಯಿತು. ಬಲಮಂಡಿ ಊದಿ, ಒಳಕ್ಕೆ ವಾಲಿತ್ತು. ನಡೆದರೆ ಮೂಳೆಗೆ ಮೂಳೆ ಉಜ್ಜುವ ಸದ್ದು. ನೆಲಕ್ಕೆ ಇಳಿಯುವುದನ್ನು ಹೇಗೋ ಹಲ್ಲುಕಚ್ಚಿ ಮಾಡುತ್ತಿದ್ದಳು, ಆದರೆ ಏಳಬೇಕಾದರೆ ಕಂಬವೋ ಯಾರದಾದರೂ ಕೈಯೋ ಬೇಕು. ಮನೆಯಿಂದ ಕೆರೆ ಏರಿಯ ಪಕ್ಕದ ಸೊಪ್ಪಿನ ತೋಟಕ್ಕೆ ಹೋಗುವುದನ್ನು ಬಿಟ್ಟು ಒಂದು ವರ್ಷವಾಗಿತ್ತಂತೆ. ಹಬ್ಬಕ್ಕೆಂದು ಬಂದು ಹೋಗುತ್ತಿದ್ದ ನಾನು, ಊರವರ ಮಂಡಿಯನ್ನೆಲ್ಲ ಅಳೆದವಳು, ಇದನ್ನು ನೋಡಿರಲಿಲ್ಲ. ಅವಳು ಯಾವಾಗಲೂ ಕೂತೇ ಇರುತ್ತಿದ್ದಳಲ್ಲ, ಕೂತವಳ ಮಂಡಿಯಲ್ಲಿ ಏನು ಕಾಣುತ್ತದೆ?

ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಡಾಕ್ಟರ ಹತ್ತಿರ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ದೊಡ್ಡಪ್ಪನೂ ಬಂದಿದ್ದರು. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಮಂಡಿ ಪೂರ್ತಿ ಸವೆದಿದೆ, ಬದಲಾಯಿಸಿದರೆ ನೋವಿಲ್ಲದೆ ನಡೆಯಬಹುದು ಎಂದರು. ನಾನು ನನ್ನ ಸ್ವಭಾವಕ್ಕೆ ತಕ್ಕ ಹಾಗೆ ಅಡ್ಡಪ್ರಶ್ನೆ ಹಾಕಿದೆ. ಎಷ್ಟು ವರ್ಷ ಬಾಳುತ್ತದೆ? ಕೀವಾದರೆ ಏನು ಗತಿ? ಸಡಿಲವಾದರೆ? ಅವರು ಒಳ್ಳೆಯ ಮನುಷ್ಯ. ತಿಳಿದದ್ದನ್ನು ಹೇಳಿ, ತಿಳಿಯದ್ದನ್ನು ತಿಳಿಯದು ಎಂದರು. ಕೊನೆಗೆ ದೊಡ್ಡಮ್ಮನ ಕಡೆ ತಿರುಗಿ, “ಒಂದು ಮಾತು ಮುನಿಯಮ್ಮ. ಆಮೇಲೆ ನೆಲದ ಮೇಲೆ ಕೂರೋ ಹಾಗಿಲ್ಲ,” ಎಂದರು.

“ಕೂತ್ಕಳಂಗೇ ಇಲ್ವಾ ಸಾಮಿ?”

“ಇಲ್ಲಮ್ಮ. ಕುರ್ಚಿ ಮೇಲೆ ಮಾತ್ರ.”

“ಕುಕ್ಕರಗಾಲು?”

“ಅದಂತೂ ಆಗೋದೇ ಇಲ್ಲ.”

“ಕಸ ಗುಡ್ಸಕ್ಕೆ, ಒಲೆ ಮುಂದೆ, ಎಲ್ಲೂ?”

“ಎಲ್ಲೂ.”

ದೊಡ್ಡಮ್ಮ ದೊಡ್ಡಪ್ಪನ ಕಡೆ ತಿರುಗಿ, “ಕೇಳಿಸ್ಕೊಂಡ್ರಾ?” ಎಂದಳು. ಪಾಪ, ಎಷ್ಟು ಸಂಕಟವಾಗಿರಬೇಕು ಎಂದುಕೊಂಡೆ.

ಮನೆಗೆ ಬಂದ ಮೇಲೆ ಮಾತು ಶುರುವಾಯಿತು. ಕೊಯ್ಯಿಸಿಕೊಳ್ಳುವುದೋ ಬೇಡವೋ. ದೊಡ್ಡಪ್ಪನದು ಒಂದೇ ಹಟ. “ಈಗ ಕುಂಟ್ಕೊಂಡಾದ್ರೂ ನಡೀತಾಳೆ. ಕೊಯ್ಸಿ ಆ ಕಾಲೂ ಹೋದ್ರೆ? ಬ್ಯಾಡ.” ನಾನು ಪರವಾಗಿ ನಿಂತೆ. ಇಲ್ಲೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆಯೂ ಆಮೇಲೂ ನಡಿಗೆಯನ್ನು ಅಳೆಯಲು ನಮ್ಮ ಸಂಶೋಧನೆಗೆ ಹಳ್ಳಿಯ ಹೆಂಗಸೊಬ್ಬಳು ಬೇಕಾಗಿದ್ದಳು. ಪ್ರೊಫೆಸರು ನನ್ನನ್ನು ಬಲವಂತ ಮಾಡಿರಲಿಲ್ಲ. ಅವರು ಮಾಡದಿದ್ದ ಬಲವಂತವನ್ನು ನಾನೇ ಮಾಡಿಕೊಂಡಿದ್ದೆ. ಹುಳು ಕೋಣೆಯ ಬಾಗಿಲಲ್ಲಿ ನಿಂತು ಮೂರು ಅಂಶಗಳಲ್ಲಿ ವಾದ ಮಂಡಿಸಿದೆ: ನೋವು ಹೋಗುತ್ತದೆ, ನಡಿಗೆ ಬರುತ್ತದೆ, ಇನ್ನೊಬ್ಬರ ಕೈ ಕಾಯುವುದು ತಪ್ಪುತ್ತದೆ. ಚೆನ್ನಾಗಿಯೇ ಮಾತಾಡಿದೆ. ಸ್ಪರ್ಧೆಯಾಗಿದ್ದರೆ ಪಾರಿತೋಷಕ ಬರುತ್ತಿತ್ತು.

ದೊಡ್ಡಮ್ಮ ತಟ್ಟೆಯಿಂದ ಕಣ್ಣೆತ್ತದೆ ಕೇಳಿ, “ಮಾತು ಚೆನ್ನಾಗೈತೆ. ಈಗ ಎದ್ರು ಕಡೇದು ಹೇಳು,” ಎಂದಳು.

“ಎದುರು ಕಡೇದು ಯಾಕೆ ದೊಡ್ಡಮ್ಮ?”

“ಯಾವಾಗ್ಲೂ ಎರ್ಡೂ ಹೇಳ್ತಿದ್ಯಲ್ಲೇ. ನನ್ ಕಾಲಂತ ಒಂದೇ ಹೇಳ್ತೀಯಾ?”

ಹೇಳಿದೆ. ಒಲ್ಲದ ಮನಸ್ಸಿನಿಂದ ಶುರುಮಾಡಿದವಳು ಮಾತಿನ ಮಧ್ಯೆ ಕಾವೇರಿದೆ. ಒಲೆಯ ಮುಂದೆ ಕೂರಲಾಗದು, ಮುದ್ದೆ ತೊಳಸಲಾಗದು. ಹಣ್ಣಾದ ಹುಳು ಆಯುವ ದಿನ ಎಲ್ಲರೂ ನೆಲದಲ್ಲಿ ಸಾಲಾಗಿ ಕೂತು ಅವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿರುವಾಗ ನೀನೊಬ್ಬಳೇ ದೂರದಲ್ಲಿ. ಊಟದ ಪಂಕ್ತಿಯಲ್ಲಿ ಕೂರಲಾಗದು, ಬಯಲಿಗೆ ಹೋಗಿ ಕೂರಲಾಗದು. ದೇವರ ಮುಂದೆ ಅಡ್ಡಬೀಳಲಾಗದು. ಕುರ್ಚಿಯ ಮೇಲೆ ಕೂರುವವರು ಕುರ್ಚಿಯ ಮೇಲೆ ಕೂರುವವರಿಗಾಗಿ ಮಾಡಿದ ಮಂಡಿ ಇದು, ನಮ್ಮಂಥವರಿಗಲ್ಲ. ಇನ್ನು ಕೆಲವು ವರ್ಷ ಕಾದರೆ ನಮ್ಮ ಪ್ರೊಫೆಸರು ನಮ್ಮದೇ ಮಂಡಿ ಮಾಡುತ್ತಾರೆ. ಮುಗಿಸುವ ಹೊತ್ತಿಗೆ, ಮೊದಲನೆಯ ಭಾಷಣ ನನ್ನ ಕೆಲಸಕ್ಕಾಗಿ ಆಡಿದ್ದು, ಎರಡನೆಯದೇ ನಿಜವೆಂದು ನನಗೇ ಮನವರಿಕೆಯಾಗಿಬಿಟ್ಟಿತ್ತು. ದೊಡ್ಡಪ್ಪ ಟವಲಿನಿಂದ ಮುಖ ಒರೆಸಿಕೊಂಡು, “ಅದೇ ನಾನೂ ಹೇಳಿದ್ದು,” ಎಂದರು.

ದೊಡ್ಡಮ್ಮ ತಟ್ಟೆ ಪಕ್ಕಕ್ಕಿಟ್ಟಳು. ನನ್ನ ಭಾಷಣ ಕೇಳಿ ಅವಳ ಕೈ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಇವೆಲ್ಲಾ ನನ್ಗೆ ಇಷ್ಟ ಅಂತ ನಿನ್ಗ್ಯಾರೇ ಹೇಳಿದ್ದು?”

“ಅಲ್ಲ ದೊಡ್ಡಮ್ಮ,” ಎಂದೆ. ಅವಳು ನಿಲ್ಲಿಸಲಿಲ್ಲ.

“ಈ ಮನೆಗೆ ಬಂದಾಗ್ನಿಂದ ಕೂತಿದೀನಿ ಕಣೇ. ಒಲೆ ಮುಂದೆ ಕೂತೆ, ಹುಳಿನ ಮುಂದೆ ಕೂತೆ, ಪಾತ್ರೆ ಮುಂದೆ ಕೂತೆ. ನೆಲದ ಮೇಲಿಂದ ನೋಡಿದ್ರೆ ಎಲ್ರ ಕಾಲೂ ಕಾಣ್ತೈತೆ, ಮುಖ ಕಾಣಲ್ಲ. ಕೂರ್ಬ್ಯಾಡ ಅಂತ ಇಷ್ಟ್ ವರ್ಷದಾಗೆ ಒಬ್ರಾದ್ರೂ ಅಂದ್ರಾ? ಆ ಡಾಕ್ಟ್ರೊಬ್ರು ಅಂದ್ರು. ನನ್ಗೆ ಸೊಪ್ಪಿನ ತೋಟದವರ್ಗೂ ನಡ್ಕೊಂಡು ಹೋಗ್ಬೇಕು. ನಿಂತ್ಕೊಂಡು ನೋಡ್ಬೇಕು. ಕೂತಿದ್ದು ಸಾಕು.” ಹಾಗೆಂದು ದೊಡ್ಡಪ್ಪನ ಕಡೆ ಕೈ ಚಾಚಿದಳು. “ಎಬ್ಬಿಸ್ರಿ. ಇನ್ನೊಂದೆರ್ಡ್ ತಿಂಗ್ಳು ಎಬ್ಬಿಸ್ಬೇಕು ಅಷ್ಟೇ.”

ಪರವಾಗಿ ಮೂರು ಅಂಶ, ವಿರೋಧವಾಗಿ ಆರು ಅಂಶ ಹೇಳಿದ್ದೆ. ಅವಳು ಹೇಳಿದ್ದು ಒಂಬತ್ತರಲ್ಲೂ ಇರಲಿಲ್ಲ. ನೆಲದೊಂದಿಗಿನ ನಮ್ಮ ಸಂಬಂಧ ಎಂದು ಗೋಷ್ಠಿಯಲ್ಲಿ ಚಪ್ಪಾಳೆ ಗಿಟ್ಟಿಸಿದೆನಲ್ಲ, ಆ ಸಂಬಂಧವನ್ನು ಅಷ್ಟು ವರ್ಷ ಮಂಡಿಯ ಮೇಲೆ ಹೊತ್ತವಳನ್ನು ಒಂದು ಮಾತು ಕೇಳಿರಲಿಲ್ಲ. ನಮ್ಮ ಹಾಳೆಯಲ್ಲಿ ‘ಕುಕ್ಕರಗಾಲಿನಲ್ಲಿ ಕೂರಬಲ್ಲಿರಾ?’ ಎಂಬ ಪ್ರಶ್ನೆಯನ್ನು ನಾನೇ ಹೆಮ್ಮೆಯಿಂದ ಸೇರಿಸಿದ್ದೆ. ‘ಕೂರಲು ಇಷ್ಟವಿದೆಯೇ?’ ಎಂಬುದು ನನಗೂ ಹೊಳೆದಿರಲಿಲ್ಲ, ಕ್ರೇನು ಬಿಟ್ಟು ಬಂದ ಪ್ರೊಫೆಸರಿಗೂ ಹೊಳೆದಿರಲಿಲ್ಲ.

ಶಸ್ತ್ರಚಿಕಿತ್ಸೆಯಾಯಿತು. ಆಮೇಲಿನ ವಾರಗಳು ಕಷ್ಟದವು. ಹೊಸ ಮಂಡಿಯನ್ನು ದಿನವೂ ಮಡಿಚಿ ಬಿಚ್ಚಬೇಕು, ನೋವಿಗೆ ದೊಡ್ಡಮ್ಮ ಡಾಕ್ಟರನ್ನೂ ನನ್ನನ್ನೂ ತೆಲುಗಿನಲ್ಲಿ ಬೈಯುತ್ತಿದ್ದಳು. ಬೈಗುಳಕ್ಕೆ ಕನ್ನಡ ಸಾಲದು ಎಂಬುದು ನಮ್ಮ ಗಡಿಯವರ ನಂಬಿಕೆ. ಆದರೆ ನಿಂತಳು. ಕೋಲು ಹಿಡಿದು ನಡೆದಳು, ಆಮೇಲೆ ಕೋಲು ಬಿಟ್ಟು ನಡೆದಳು. ಪ್ರಯೋಗಾಲಯದಲ್ಲಿ ಅವಳ ನಡಿಗೆಯನ್ನು ಅಳೆಯುವಾಗ ಪ್ರೊಫೆಸರು, “ಇನ್ನೂ ಸ್ವಲ್ಪ ಮಡಿಚೋಕೆ ಆಗುತ್ತಾ ನೋಡಿ ತಾಯಿ,” ಎಂದು ಆಸೆಯಿಂದ ಕೇಳಿದರು. “ಇಷ್ಟು ಸಾಕು ಸಾಮಿ,” ಎಂದಳು ದೊಡ್ಡಮ್ಮ. ಅವರು ಅದನ್ನು ಮಂಡಿಯ ಮಿತಿ ಎಂದು ಬರೆದುಕೊಂಡರು.

ಒಬ್ಬರ ಮಂಡಿ ಮಡಿಚದಿದ್ದರೆ ಇಡೀ ಮನೆ ಮೇಲೇಳಬೇಕಾಗುತ್ತದೆ ಎಂಬುದು ನಮಗಾರಿಗೂ ಗೊತ್ತಿರಲಿಲ್ಲ. ಮೊದಲು ಒಲೆ ಎದ್ದಿತು. ಸೊಂಟದೆತ್ತರಕ್ಕೆ ಕಟ್ಟೆ ಕಟ್ಟಿಸಿ ಅದರ ಮೇಲೆ ಕೂರಿಸಿದರು. ಆಮೇಲೆ ಹುಳುವಿನ ತಟ್ಟೆಗಳು ಎದ್ದವು. ಊರಿನ ಆಚಾರಿ ಹಳೆಯ ಮರದ ಕುರ್ಚಿಯೊಂದಕ್ಕೆ ನಡುವೆ ತೂತು ಕೊರೆದು ಹಿತ್ತಿಲ ತಡಿಕೆಯ ಹಿಂದೆ ಇಟ್ಟ. ವಿಶ್ವವಿದ್ಯಾಲಯಕ್ಕೆ ವರ್ಷಗಟ್ಟಲೆ ಬಗೆಹರಿಯದ ಸಮಸ್ಯೆಯನ್ನು ಅವನು ಒಂದು ಮಧ್ಯಾಹ್ನ ಗರಗಸ ಹಿಡಿದು ಬಗೆಹರಿಸಿದ್ದ. ಮೊದಮೊದಲು ಅದನ್ನು ನೋಡಿ ನಕ್ಕ ಅಕ್ಕಪಕ್ಕದ ಮುದುಕಿಯರು, ಆಮೇಲೆ ಒಬ್ಬೊಬ್ಬರಾಗಿ ಬಂದು ಅದರ ಎತ್ತರ ಎಷ್ಟೆಂದು ಗೇಣು ಹಾಕಿಕೊಂಡು ಹೋದರು. ನೆಲದಲ್ಲೇ ಕೂತು ಮಾಡಬೇಕಾದ ಕೆಲಸಗಳು ದೊಡ್ಡಪ್ಪನ ಪಾಲಿಗೆ ಬಂದವು.

ಇನ್ನು ಕೂರುವ ಕುರ್ಚಿ. ಡಾಕ್ಟರು ಕೈಗಳಿರುವ ಕುರ್ಚಿಯೇ ಬೇಕೆಂದಿದ್ದರು. ಅಂಥದೊಂದು ಮುಳಬಾಗಿಲಿನಿಂದ ಬಂತು. ಆದರೆ ನಮ್ಮ ಹಳೆಯ ಮನೆಯ ಅಡುಗೆಮನೆ ಬಾಗಿಲು ಕಿರಿದು. ಅಡ್ಡ ಹಿಡಿದರು, ಉದ್ದ ಹಿಡಿದರು, ಕುರ್ಚಿ ಒಳಗೆ ಹೋಗಲಿಲ್ಲ. ಬೇರೆ ದಾರಿಯಿಲ್ಲದೆ ಅದು ಪಡಸಾಲೆಯಲ್ಲೇ ಉಳಿಯಿತು. ಅದರ ಜೊತೆಗೆ ದೊಡ್ಡಮ್ಮನೂ ಪಡಸಾಲೆಗೆ ಬಂದಳು. ನಮ್ಮ ಮನೆಗಳಲ್ಲಿ ಹೊರಗಿನ ಗಂಡಸರು ಬಂದಾಗ ಹೆಂಗಸರು ಪಡಸಾಲೆಯಲ್ಲಿ ಕೂರುವುದಿಲ್ಲ. ಬಾಗಿಲ ಹಿಂದೆ ನೆಲದ ಮೇಲೆ ಕೂತು ಕೇಳಿಸಿಕೊಳ್ಳುತ್ತಾರೆ. ಕುರ್ಚಿಯ ಮಾತಂತೂ ದೂರ.

ಆ ವರ್ಷವೇ ನನ್ನ ಚಿಕ್ಕಪ್ಪನ ಮಗಳು ಪದ್ಮಳನ್ನು ನೋಡಲು ಮಾಲೂರಿನ ಕಡೆಯ ಗಂಡಿನವರು, ಹಿರಿಯರ ಮನೆಯೆಂದು, ದೊಡ್ಡಪ್ಪನ ಮನೆಗೇ ಬಂದರು. ಪದ್ಮ ಮುಳಬಾಗಿಲಿನಲ್ಲಿ ಪಿ.ಯು.ಸಿ. ಓದುತ್ತಿದ್ದಳು, ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಗಂಡಸರೆಲ್ಲ ಚಾಪೆಯ ಮೇಲೆ ಕೂತರು. ಅವರ ನಡುವೆ, ಎಲ್ಲರಿಗಿಂತ ಒಂದೂವರೆ ಅಡಿ ಎತ್ತರದಲ್ಲಿ, ಕೈಗಳಿರುವ ಕುರ್ಚಿಯಲ್ಲಿ ದೊಡ್ಡಮ್ಮ. ಹುಡುಗನ ತಂದೆ ಕುರ್ಚಿಯ ಕಡೆ ಒಮ್ಮೆ, ದೊಡ್ಡಪ್ಪನ ಕಡೆ ಒಮ್ಮೆ ನೋಡಿದರು. “ಮಂಡಿ ಆಪ್ರೇಸನ್ ಆಗೈತೆ, ಕೆಳಗ್ ಕೂರಂಗಿಲ್ಲ,” ಎಂದು ದೊಡ್ಡಪ್ಪ ಸಂಕೋಚದಿಂದ ಹೇಳಿದರು. ಆತ ತಲೆಯಾಡಿಸಿ, ಮುಂದಿನ ತಿಂಗಳೇ ಮುಹೂರ್ತವಿದೆ ಎಂದರು. ಗಂಡಸರೆಲ್ಲ ಹೂಂಗುಟ್ಟುತ್ತಿದ್ದಾಗ ಮೇಲಿನಿಂದ ದನಿ ಬಂತು. “ಹುಡ್ಗಿ ಪರೀಕ್ಸೆ ಬರೀಲಿ. ಆಮ್ಯಾಕೆ ಮಾತು.”

ಬಾಗಿಲ ಹಿಂದಿನಿಂದ ಅದೇ ಮಾತು ಬಂದಿದ್ದರೆ ಯಾರಾದರೂ “ಸುಮ್ಕಿರಮ್ಮ” ಎನ್ನುತ್ತಿದ್ದರು. ಎದುರಿಗೆ ಕುರ್ಚಿಯಲ್ಲಿ ಕೂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದವಳಿಗೆ ಹಾಗೆನ್ನಲು ತಲೆಯೆತ್ತಿ ನೋಡಬೇಕಿತ್ತು. ಹುಡುಗನ ತಂದೆ ತಲೆಯೆತ್ತಿ ನೋಡಿದರು, ಮತ್ತೆ ಇಳಿಸಿದರು. “ಆಗ್ಲಿ ಬಿಡಿ ತಾಯಿ. ಅವಸರ ಏನೈತೆ,” ಎಂದರು. ಪದ್ಮ ಪರೀಕ್ಷೆ ಬರೆದಳು. ಅದಾದ ಮೇಲೆ ಬಿ.ಎಸ್ಸಿ.ಗೂ ಸೇರಿದಳು. ಮಾಲೂರಿನವರು ಕಾಯಲಿಲ್ಲ, ಅದು ಬೇರೆ ಮಾತು.

ಎಷ್ಟೋ ಸಲ ನನಗನ್ನಿಸುತ್ತದೆ, ಆ ಮಂಡಿ ಇನ್ನೊಂದಿಷ್ಟು ಚೆನ್ನಾಗಿ ಮಡಿಚುವಂಥದ್ದಾಗಿದ್ದರೆ ಏನಾಗುತ್ತಿತ್ತು? ದೊಡ್ಡಮ್ಮ ನೋವಿಲ್ಲದೆ ಮತ್ತೆ ಒಲೆಯ ಮುಂದೆ ಕೂರುತ್ತಿದ್ದಳು, ನಾವೆಲ್ಲ ವಿಜ್ಞಾನವನ್ನು ಕೊಂಡಾಡುತ್ತಿದ್ದೆವು. ಹಾಗೆಂದು ಪ್ರೊಫೆಸರರ ಕನಸು ತಪ್ಪೆಂದು ನಾನು ವಾದಿಸುವುದಿಲ್ಲ. ನೆಲದ ಮೇಲೆ ಕೂರಲು ನಿಜಕ್ಕೂ ಹಂಬಲಿಸುವವರು, ನಮಾಜಿಗೆ, ಪೂಜೆಗೆ, ಮೊಮ್ಮಕ್ಕಳ ಜೊತೆ ಆಟಕ್ಕೆ ಬಾಗಬೇಕೆನ್ನುವವರು ಬೇಕಾದಷ್ಟು ಜನ ಇದ್ದಾರೆ. ಅವರನ್ನೂ ನಾನು ಅಳೆದಿದ್ದೇನೆ. ಈಗ ಮಾತ್ರ ಅಳೆಯುವ ಮುಂಚೆ ಒಂದು ಪ್ರಶ್ನೆ ಹೆಚ್ಚಿಗೆ ಕೇಳುತ್ತೇನೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಪ್ರೊಫೆಸರರ ಹೊಸ ಮಂಡಿ ಯಂತ್ರದಲ್ಲಿ ಸಿಕ್ಕಿಸಿದಾಗ ಪೂರಾ ಮಡಿಚುವ ಮಟ್ಟಕ್ಕೆ ಬಂದಿದೆ. ಮನುಷ್ಯರಿಗೆ ಹಾಕುವುದು ಇನ್ನೂ ದೂರದ ಮಾತು, ಆದರೂ ಸುದ್ದಿ ಸುದ್ದಿಯೇ. ಹೇಳೋಣವೆಂದು ಹುಳು ಕೋಣೆಗೆ ಹೋದೆ. ದೊಡ್ಡಮ್ಮ ಸೊಪ್ಪಿನ ತೋಟದಿಂದ ಆಗಷ್ಟೇ ನಡೆದು ಬಂದು, ನಿಂತುಕೊಂಡೇ ತಟ್ಟೆಗಳಿಗೆ ಮೇವು ಹಾಕುತ್ತಿದ್ದಳು. ಕೆಳಗೆ ದೊಡ್ಡಪ್ಪ ಕುಕ್ಕರಗಾಲಿನಲ್ಲಿ ಕೂತು ಹುಳುವಿನ ಕಸ ಬಳಿಯುತ್ತಿದ್ದರು.

“ದೊಡ್ಡಮ್ಮ, ಕುಕ್ಕರಗಾಲಲ್ಲಿ ಕೂರೋ ಮಂಡಿ ತಯಾರಾಗ್ತಾ ಇದೆ.”

“ಒಳ್ಳೇದೇ ಆಯ್ತು. ಮೊದ್ಲು ಗಂಡಸರ್ಗೆ ಹಾಕ್ಲಿ.”

ದೊಡ್ಡಪ್ಪ ಕೂತಲ್ಲಿಂದಲೇ ತಲೆಯೆತ್ತಿ ನೋಡಿದರು. “ಯಾಕೇ? ನನ್ ಮಂಡಿಗೇನಾಗೈತೆ? ಗಟ್ಟಿಯಾಗೈತೆ.”

“ಗಟ್ಟಿಯಾಗೈತಲ್ಲ, ಸರಿ. ಆ ಮೂಲೇಲಿ ಇನ್ನೂ ಎರ್ಡ್ ತಟ್ಟೆ ಅವೆ, ನೋಡಿ.”

ದೊಡ್ಡಪ್ಪ ಎದ್ದೇಳಲಿಲ್ಲ. ಕುಕ್ಕರಗಾಲಿನಲ್ಲೇ ಆ ಮೂಲೆಯ ಕಡೆಗೆ ಸರಿದರು.